ದೇವೀರಮ್ಮ ಸಿಸ್ಟರ್ ಕಟ್ಟಿದ ಜೋಡಿಗಳು

ನಾನು ಕಂಡ ಹಾಗೆ ದೇವೀರಮ್ಮ ಸಿಸ್ಟರ್ ಯಾವ ರೋಗಿಯನ್ನೂ "ಹೇಗಿದ್ದೀರಿ?" ಎಂದು ಕೇಳಿದವರಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹೊತ್ತಿಗೆ ವರಾಂಡದ ಬೆಂಚಿನ ಮೇಲೆ ಏಳೆಂಟು ಜನ ಮಾಜಿ ಸೈನಿಕರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದರು. ಒಬ್ಬೊಬ್ಬರನ್ನೇ ಒಳಗೆ ಕರೆದು, ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತ, ಅವರ ಮುಖವನ್ನೂ ನೋಡದೆ ಸಿಸ್ಟರ್ ಕೇಳುತ್ತಿದ್ದ ಪ್ರಶ್ನೆ ಒಂದೇ: "ನಿಮ್ಮ ಜೋಡಿ ಹೇಗಿದಾರೆ?"

ಹೊಸದಾಗಿ ಸೇರಿದ ದಿನ ನಾನು, ಪಾಪ, ಹೆಂಡತಿಯ ಯೋಗಕ್ಷೇಮ ವಿಚಾರಿಸುತ್ತಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಒಬ್ಬ ನಾಯಕ್ ಎದೆಯುಬ್ಬಿಸಿ ವರದಿ ಒಪ್ಪಿಸಿದರು. "ಸುಬೇದಾರ್ ಮುನಿಯಪ್ಪನವರು ಭಾನುವಾರ ಗೃಹಪ್ರವೇಶದಲ್ಲಿ ಎರಡು ಮೈಸೂರು ಪಾಕ್ ತಿಂದ್ರು ಸಿಸ್ಟರ್. ಮೂರನೇದಕ್ಕೆ ಕೈ ಹಾಕಿದ್ರು, ನಾನು ಎಲೆ ಎಳ್ಕೊಂಡೆ." ಹೊರಗೆ ಬೆಂಚಿನ ಮೇಲಿದ್ದ ಸುಬೇದಾರ್ ಮುನಿಯಪ್ಪನವರಿಗೆ ಇದು ಕೇಳಿಸಿತು. ನಾಯಕ್ ಅಂದರೆ ಅವರಿಗಿಂತ ಎಷ್ಟೋ ಮೆಟ್ಟಿಲು ಕೆಳಗಿನವರು. ಅವರು ಸಿಟ್ಟಿನಿಂದ ಎದ್ದು ಬಂದು, ಕೆಳಗಿನವನು ಮೇಲಿನವನ ಮೇಲೆ ಚಾಡಿ ಹೇಳುವುದು ಯಾವ ಶಿಸ್ತು ಎಂದು ಕೇಳಿದರು. ಸಿಸ್ಟರ್ ಪಟ್ಟಿ ಬಿಚ್ಚುತ್ತಲೇ ಹೇಳಿದರು: "ಸಕ್ಕರೆಗೆ ನಿಮ್ಮ ರ‍್ಯಾಂಕ್ ಗೊತ್ತಿಲ್ಲ ಸುಬೇದಾರ್ರೇ. ಕೂತ್ಕೊಳ್ಳಿ, ನಿಮ್ಮ ಸರದಿ ಬರುತ್ತೆ."

ಮಾರೇನಹಳ್ಳಿಯ ಒಂದು ಬಾಡಿಗೆ ಮನೆಯಲ್ಲಿ ಮಾಜಿ ಸೈನಿಕರಿಗೆಂದೇ ನಡೆಯುತ್ತಿದ್ದ ಕ್ಲಿನಿಕ್ಕು ಅದು. ನಾನು ಅಲ್ಲಿ ಲ್ಯಾಬ್ ಟೆಕ್ನಿಷಿಯನ್. ಒಂದು ಕಾಲಕ್ಕೆ ಅಡುಗೆಮನೆಯಾಗಿದ್ದ ಕೋಣೆಯೇ ನನ್ನ ಲ್ಯಾಬು. ಒಗ್ಗರಣೆಯ ಕಲೆ ಗೋಡೆಯ ಮೇಲೆ ಹಾಗೇ ಇತ್ತು. ಡಾಕ್ಟರು ಸೈನ್ಯದಿಂದ ನಿವೃತ್ತರಾದ ಮೇಜರ್. ಹನ್ನೊಂದಕ್ಕೆ ಬಂದು ಎರಡಕ್ಕೆ ಹೋಗುತ್ತಿದ್ದರು. ಉಳಿದ ಹೊತ್ತಿನಲ್ಲಿ ಕ್ಲಿನಿಕ್ಕು ನಡೆಯುತ್ತಿದ್ದದ್ದು ದೇವೀರಮ್ಮನವರಿಂದ. ಒಳಗಿನ ಹಾಲಿನಲ್ಲಿ ಡ್ರಿಪ್ ಹಾಕಲು ನಾಲ್ಕು ಮಂಚಗಳಿದ್ದವು. ಆ ಮಂಚಗಳ ಬಗ್ಗೆ ಆಯಾ ಮತ್ತು ಸಿಸ್ಟರ್ ನಡುವೆ ದಿನಾ ಜಗಳ. ಡ್ರಿಪ್ ಮುಗಿದ ಸಿಪಾಯಿಗಳು ಎದ್ದು ಹೊದಿಕೆಯನ್ನು ಚೌಕಾಕಾರವಾಗಿ ಮಡಚಿ, ಹಾಸಿಗೆಯ ಸುಕ್ಕು ಬಿಡಿಸಿಯೇ ಹೋಗುತ್ತಿದ್ದರು. "ನನ್ನ ಕೆಲಸ ಇವರು ಮಾಡಿದ್ರೆ ನನಗೆ ಸಂಬಳ ಯಾಕೆ?" ಎಂದು ಆಯಾ ಗೊಣಗುತ್ತಿದ್ದಳು. ಮಾಡಲು ಬಿಡು, ಅವರಿಗೆ ಸಮಾಧಾನ ಎಂದು ಸಿಸ್ಟರ್.

ಈ ಜೋಡಿ ಪದ್ಧತಿ ಹುಟ್ಟಿದ್ದು ನಾನು ಸೇರುವುದಕ್ಕೆ ಸ್ವಲ್ಪ ಮುಂಚೆ. ಒಬ್ಬ ಹವಾಲ್ದಾರ್ ವಿಜಯನಗರದಿಂದ ನಡೆದುಕೊಂಡು ಬಂದು ಬಿ.ಪಿ. ಮಾತ್ರೆ ಕೇಳಿದರಂತೆ. ಹೇಗಿದ್ದೀರಿ ಎಂದರೆ "ಏಕ್‌ದಮ್ ಠೀಕ್". ಸಿಸ್ಟರ್ ಸ್ಟೆತಸ್ಕೋಪು ಇಟ್ಟಾಗ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಮಾತ್ರ ಠೀಕ್. ಬೆಂಚಿನ ಮೇಲೆ ಪಕ್ಕದಲ್ಲಿದ್ದವರು ತಡೆಯಲಾರದೆ, ಇವರು ನಿನ್ನೆ ಸ್ಕೂಟರಿನಿಂದ ಬಿದ್ದಿದ್ದಾರೆ, ಮಲಗಲಾಗದೆ ಕೂತೇ ಇದ್ದಾರೆ ಎಂದರು. ನೋಡಿದರೆ ಎರಡು ಪಕ್ಕೆಲುಬು ಮುರಿದಿತ್ತು. ಅವತ್ತು ಸಿಸ್ಟರಿಗೆ ಒಂದು ಸಂಗತಿ ಹೊಳೆಯಿತು. "ಸಿಪಾಯಿ ತನ್ನ ಮೈ ವಿಷಯ ನಿಜ ಹೇಳಲ್ಲ ಕಣೇ ಗಿರಿಜಾ. ಪಕ್ಕದವನ ವಿಷಯ ಸುಳ್ಳು ಹೇಳಲ್ಲ," ಎಂದು ನನಗೆ ಎಷ್ಟೋ ಸಲ ಹೇಳಿದ್ದಾರೆ. ಮಾರನೆಯ ವಾರವೇ ಎಲ್ಲರನ್ನೂ ಇಬ್ಬಿಬ್ಬರಂತೆ ಜೋಡಿ ಮಾಡಿದರು. ರ‍್ಯಾಂಕು ನೋಡಲಿಲ್ಲ, ರೆಜಿಮೆಂಟು ನೋಡಲಿಲ್ಲ. ಒಂದೇ ಬಸ್ಸಿನಲ್ಲಿ ಬರುವವರು ಒಂದು ಜೋಡಿ, ಅಷ್ಟೇ. ದಾರಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ಬರಬೇಕು, ಕಂಡದ್ದನ್ನು ಬಂದು ಹೇಳಬೇಕು.

ದೇವೀರಮ್ಮನವರ ಮನೆತನದಲ್ಲಿ ಸೈನ್ಯ ಸೇರಿದವರು ಯಾರೂ ಇರಲಿಲ್ಲ. ಕುಣಿಗಲ್ ಕಡೆಯವರು. ಗಂಡ ಗಿರಣಿಯಲ್ಲಿದ್ದು ಬೇಗನೆ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮದುವೆಯಾಗಿ ಮೈಸೂರಿನಲ್ಲಿದ್ದಳು. ರಾಜಾಜಿನಗರದ ಒಂದು ನರ್ಸಿಂಗ್ ಹೋಮಿನ ಹೆರಿಗೆ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ ದುಡಿದು ಇಲ್ಲಿಗೆ ಬಂದಿದ್ದರು. "ಅಲ್ಲಿ ನೋವು ಅಂದ್ರೆ ಬೀದಿ ಕೊನೆವರ್ಗೂ ಕೇಳ್ಸೋದು. ಇಲ್ಲಿ ಹುಡುಕ್ಬೇಕು," ಎನ್ನುತ್ತಿದ್ದರು. ಕುಳ್ಳಗಿನ ಗಟ್ಟಿ ಮೈ, ಎಣ್ಣೆ ಹಚ್ಚಿ ಬಿಗಿದ ಗಂಟು, ಅದಕ್ಕೊಂದು ಗೇಣು ಕನಕಾಂಬರ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಮಧ್ಯಾಹ್ನ ಹನ್ನೆರಡೂವರೆಗೆ ಡಬ್ಬಿ ಬಿಚ್ಚಿ ಮುದ್ದೆ ಮುರಿದರೆ ಮೇಜರ್ ಸಾಹೇಬರೇ ಕರೆದರೂ ಏಳುತ್ತಿರಲಿಲ್ಲ.

ರೋಗಿಗಳನ್ನು ನಾವು ಯಾರಾದರೂ "ತಾತ" ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ತಾತ ಅಂತ ಮನೇಲಿ ಮೊಮ್ಮಕ್ಕಳು ಕರೀತಾರೆ. ಇಲ್ಲಿ ಅವರು ಹವಾಲ್ದಾರ್ರು," ಎಂದು ಒಮ್ಮೆ ನನ್ನನ್ನು ಎಲ್ಲರ ಮುಂದೆ ತರಾಟೆಗೆ ತೆಗೆದುಕೊಂಡರು. ಮುನಿಯಪ್ಪನವರು ಒಂದು ಸೇತುವೆ ಕಾದ ಕತೆಯನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಸಿಸ್ಟರ್ ಪ್ರತಿ ಸಲವೂ ಹೊಸದಾಗಿ ಕೇಳುವವರಂತೆ ಕೂತಿರುತ್ತಿದ್ದರು. ನನಗೆ ಬಾಯಿ ಸ್ವಲ್ಪ ಜಾಸ್ತಿ. "ಆ ಸೇತುವೆ ಕತೆ ನಿಮಗೆ ಬಾಯಿಪಾಠ ಆಗಿರ್ಬೇಕಲ್ಲ ಸಿಸ್ಟರ್?" ಎಂದೆ. "ಆಗಿದೆ. ಅವ್ರು ಮಧ್ಯದಲ್ಲಿ ಮರೆತ್ರೆ ಹೇಳ್ಕೊಡೋಕೆ ಯಾರಾದ್ರೂ ಬೇಕಲ್ಲ," ಎಂದರು.

ಈ ಜನರ ಮೇಲೆ ಇಷ್ಟೊಂದು ಯಾಕೆ ಎಂದು ಒಂದು ದಿನ ನೇರವಾಗಿಯೇ ಕೇಳಿದೆ. ಅವರು ಡಬ್ಬಿ ತೊಳೆಯುತ್ತಿದ್ದರು. "ಮಾತ್ರೆ ಕೊಟ್ರೆ ಎದ್ದು ನಿಂತು 'ಥ್ಯಾಂಕ್ಯೂ ಸಿಸ್ಟರ್' ಅಂತಾರೆ. ಮೊಣಕಾಲು ಬಗ್ಗದೇ ಇದ್ರೂ ಬೆಂಚು ಹಿಡ್ಕೊಂಡು ಎದ್ದೇಳ್ತಾರೆ. ನನ್ನ ಜೀವಮಾನದಲ್ಲಿ ನಾನು ಬಂದೆ ಅಂತ ಯಾರು ಎದ್ದು ನಿಂತಿದ್ರು ಹೇಳು." ನಾನಂತೂ ಅವರು ಬಂದರೆ ಎದ್ದು ನಿಂತವಳಲ್ಲ.

ಆ ಪ್ರೀತಿಯಲ್ಲಿ ಪಕ್ಷಪಾತ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಅಚ್ಚುಮೆಚ್ಚಿನವರು ನಾಯಕ್ ಶಿವಪುತ್ರಪ್ಪ. ಬಾಗಲಕೋಟೆ ಕಡೆಯ ಎತ್ತರದ ಆಳು, ಮಗನ ಜೊತೆ ಶ್ರೀಗಂಧದ ಕಾವಲ್‌ನಲ್ಲಿ ಇದ್ದರು. ಬಿಳಿ ಮೀಸೆ, ಕಂಚಿನ ಕಂಠ. ಸಕ್ಕರೆ ಕಾಯಿಲೆ ಹದಿನೈದು ವರ್ಷದ್ದು. "ಬರೋಬ್ಬರಿ ಅದೀನ್ರಿ ಸಿಸ್ಟರ್" ಎಂದು ಅವರು ಹೇಳಿದರೆ ನನ್ನ ಲ್ಯಾಬಿನ ಬಾಟಲಿಗಳು ಅದುರುತ್ತಿದ್ದವು. ಅವರ ಜೋಡಿ ಹವಾಲ್ದಾರ್ ಚಿಕ್ಕೀರಯ್ಯ, ಮಾಗಡಿ ಸೀಮೆಯವರು, ಬ್ಯಾಡರಹಳ್ಳಿಯಲ್ಲಿ ವಾಸ. ಕಡ್ಡಿಯಂಥ ಮನುಷ್ಯ, ಕೇಳಿದ್ದಕ್ಕಷ್ಟೇ ಮಾತು. ಚಿಕ್ಕೀರಯ್ಯ ಮೊದಲು ಬಸ್ಸು ಹತ್ತಿ ಕಿಟಕಿ ಪಕ್ಕ ಜಾಗ ಹಿಡಿದಿಡುತ್ತಿದ್ದರು, ಶಿವಪುತ್ರಪ್ಪ ಮುಂದಿನ ಸ್ಟಾಪಿನಲ್ಲಿ ಹತ್ತಿ ಇಳಿಯುವವರೆಗೂ ಮಾತಾಡುತ್ತಿದ್ದರು.

ಪ್ರತಿ ವರ್ಷ ಜನವರಿ ಇಪ್ಪತ್ತಾರಕ್ಕೆ ನಮ್ಮಲ್ಲಿ ಒಂದು ಸಣ್ಣ ಪರೇಡು ಇರುತ್ತಿತ್ತು. ಹನ್ನೆರಡು ಜನ, ಕ್ಲಿನಿಕ್ಕಿನ ಗೇಟಿನಿಂದ ರಸ್ತೆ ತುದಿಯ ಪಾರ್ಕಿನ ಧ್ವಜಸ್ತಂಭದವರೆಗೆ, ಮಧ್ಯೆ ಒಂದು ತಿರುವು. ಅಕ್ಕಪಕ್ಕದ ಮನೆಯವರು ಕಾಫಿ ಲೋಟ ಹಿಡಿದು ಕಾಂಪೌಂಡಿಗೆ ಬರುತ್ತಿದ್ದರು. ಸಾಲನ್ನು ಮುನ್ನಡೆಸಿ ಕಮಾಂಡ್ ಕೊಡುವ ಹಕ್ಕು ರ‍್ಯಾಂಕಿನ ಪ್ರಕಾರ ಮುನಿಯಪ್ಪನವರದ್ದು. ಆ ವರ್ಷ, ಎರಡು ಸಾವಿರದ ಎರಡೋ ಮೂರೋ ಇರಬೇಕು, ಸಿಸ್ಟರ್ ಮೇಜರ್ ಸಾಹೇಬರ ಹತ್ತಿರ ಹೋಗಿ, ಈ ಸಲ ಶಿವಪುತ್ರಪ್ಪನವರು ಮಾಡಲಿ, ಅವರ ದನಿ ಚೆನ್ನಾಗಿದೆ ಎಂದು ಹೇಳಿ ಒಪ್ಪಿಸಿದರು. ಶಿವಪುತ್ರಪ್ಪನವರು ಟ್ರಂಕಿನಿಂದ ಹಳೆಯ ಮಿಲಿಟರಿ ಬೂಟು ತೆಗೆದು, ಮುಖ ಕಾಣುವ ಹಾಗೆ ಪಾಲಿಶ್ ಮಾಡಿದರು. ಎರಡು ವಾರ ಸಂಜೆ ಐದಕ್ಕೆ ಪ್ರಾಕ್ಟೀಸು. ಸಿಸ್ಟರ್ ಡ್ಯೂಟಿ ಮುಗಿದಿದ್ದರೂ ಬ್ಯಾಗು ಹೆಗಲಿಗೆ ಹಾಕಿಕೊಂಡು ಗೇಟಿನಲ್ಲಿ ನಿಂತು, ಅದು ಮುಗಿಯುವವರೆಗೂ ನೋಡಿ ಹೋಗುತ್ತಿದ್ದರು.

ಗುರುವಾರ ನಮ್ಮಲ್ಲಿ ಸಕ್ಕರೆ ಪರೀಕ್ಷೆಯ ದಿನ. ಪರೇಡಿಗೆ ಮೂರು ದಿನ ಇದ್ದಾಗ ಶಿವಪುತ್ರಪ್ಪನವರ ಸಕ್ಕರೆ ಮುನ್ನೂರು ದಾಟಿತ್ತು. ಒಂದು ತಿಂಗಳ ಹಿಂದೆ ನೂರೈವತ್ತರ ಆಸುಪಾಸು ಇದ್ದದ್ದು. ಮೈಯಲ್ಲಿ ಎಲ್ಲೋ ಕೀವು ಕಟ್ಟಿದರೆ ಸಕ್ಕರೆ ಹೀಗೆ ಏರುತ್ತದೆ ಎನ್ನುವುದು ನನಗೂ ಗೊತ್ತು, ಸಿಸ್ಟರಿಗೂ ಗೊತ್ತು. ಚೀಟಿ ಹಿಡಿದುಕೊಂಡು ಹೋಗಿ ತೋರಿಸಿದೆ. ಅವರು ಚಿಕ್ಕೀರಯ್ಯನವರನ್ನು ಕರೆದರು.

"ನಿಮ್ಮ ಜೋಡಿ ಹೇಗಿದಾರೆ?"

ಚಿಕ್ಕೀರಯ್ಯ ಒಂದು ಕ್ಷಣ ಸಿಸ್ಟರ್ ಮುಖ ನೋಡಿದರು. "ಚೆನ್ನಾಗವ್ರೆ ಸಿಸ್ಟರ್."

"ಗಾಯ, ಹುಣ್ಣು ಏನಾದ್ರೂ?"

"ಏನೂ ಇಲ್ಲ ಸಿಸ್ಟರ್. ಸಂಕ್ರಾಂತಿ ಬೆಲ್ಲ ಜಾಸ್ತಿ ಆಗಿರ್ಬೇಕು."

ಸಿಸ್ಟರ್ ಚೀಟಿಯನ್ನು ಫೈಲಿಗೆ ಸೇರಿಸಿದರು. ಮಾತ್ರೆ ಒಂದಿದ್ದದ್ದು ಎರಡಾಯಿತು. ನನಗೆ ಸಿಟ್ಟು ಬಂತು. "ಡಾಕ್ಟರಿಗೆ ತೋರಿಸಿ ಸಿಸ್ಟರ್. ನನ್ನ ಮಶೀನು ಸುಳ್ಳು ಹೇಳುತ್ತಾ?" ಎಂದೆ. "ಜೋಡಿ ಚೆನ್ನಾಗಿದಾರೆ ಅಂದ್ರಲ್ಲ. ಪರೇಡ್ ಮುಗೀಲಿ, ಸೋಮವಾರ ಇನ್ನೊಂದ್ಸಲ ನೋಡೋಣ," ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಲ್ಲ ಅವರು. ಆದರೂ ಅವತ್ತು ಹಾಗೇ ಆಯಿತು.

ಪರೇಡು ಚೆನ್ನಾಗಿಯೇ ನಡೆಯಿತು. "ತೇಜ್ ಚಲ್" ಎಂದು ಶಿವಪುತ್ರಪ್ಪ ಕೂಗಿದಾಗ ಎದುರು ಮನೆಯ ನಾಯಿ ಒಳಗೆ ಓಡಿತು. ತಿರುವು, ಧ್ವಜ, ಸೆಲ್ಯೂಟ್, ವಾಪಸ್ಸು. ಕ್ಲಿನಿಕ್ಕಿನ ಹಾಲಿನಲ್ಲಿ ಉಪ್ಪಿಟ್ಟು ಕೊಟ್ಟೆವು. ಶಿವಪುತ್ರಪ್ಪನವರು ತಟ್ಟೆ ಹಿಡಿದು ಕೂತವರು ಏಳಲಿಲ್ಲ. ಸೊಂಟ ಹಿಡಿದಿದೆ ಎಂದು ನಕ್ಕರು. ನೆಲ ಒರೆಸಲು ಬಂದ ಆಯಾ, "ಸಿಸ್ಟರ್, ಇಲ್ಲೇನೋ ಒದ್ದೆ," ಎಂದಳು. ಗೇಟಿನಿಂದ ಅವರ ಕುರ್ಚಿಯವರೆಗೆ ಎಡಗಾಲಿನ ಬೂಟಿನ ಗುರುತು ಒಂದೊಂದಾಗಿ ಮೂಡಿತ್ತು.

ಲೇಸು ಬಿಚ್ಚಲಾಗದೆ ಸಿಸ್ಟರ್ ಕತ್ತರಿಯಿಂದ ಕತ್ತರಿಸಿದರು. ಬೂಟು ಕಳಚಿದಾಗ ಬಂದ ವಾಸನೆಗೆ ಎದುರು ಕೂತವರು ತಟ್ಟೆ ಕೆಳಗಿಟ್ಟರು. ಹಳೆಯ ಅಟ್ಟೆಯ ಒಂದು ಮೊಳೆ ಒಳಗೆ ಎದ್ದು ಹೆಬ್ಬೆರಳ ಬುಡದಲ್ಲಿ ತೂತು ಮಾಡಿತ್ತು. ಸಕ್ಕರೆಯವರ ಕಾಲಿಗೆ ನೋವು ತಿಳಿಯುವುದಿಲ್ಲ. ಶಿವಪುತ್ರಪ್ಪನವರಿಗೆ ಗಾಯ ಕಣ್ಣಿಗೆ ಬಿದ್ದು ಹತ್ತು ದಿನವಾಗಿತ್ತು. ಅರಿಸಿನ ಮೆತ್ತಿ, ಹತ್ತಿ ತುರುಕಿ, ಅದೇ ಬೂಟು ಹಾಕಿಕೊಂಡು ಪ್ರಾಕ್ಟೀಸು ಮಾಡಿದ್ದರು. ಚಿಕ್ಕೀರಯ್ಯನವರಿಗೆ ಬಸ್ಸಿನಲ್ಲೇ ಹೇಳಿ ಮಾತು ತೆಗೆದುಕೊಂಡಿದ್ದರು: "ಇಪ್ಪತ್ತಾರು ಮುಗಿಯೂತನಕ ಬಾಯಿ ಬಿಡಬ್ಯಾಡ್ರಿ. ಜೀವನದಾಗ ಒಮ್ಮೆ ಕಮಾಂಡ್ ಸಿಕ್ಕೈತಿ."

ದೊಡ್ಡ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮೊಣಕಾಲಿನವರೆಗೂ ತೆಗೆಯಬೇಕಾಗಬಹುದು, ಕಾದು ನೋಡೋಣ ಎಂದರು. ಆ ಕಾಯುವಿಕೆ ಹದಿನೆಂಟು ದಿನ ನಡೆಯಿತು. ಸಿಸ್ಟರ್ ದಿನಾ ಡ್ಯೂಟಿ ಮುಗಿಸಿ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗಿ, ಬ್ಯಾಂಡೇಜು ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಿ ಬರುತ್ತಿದ್ದರು. ಬೆಳಿಗ್ಗೆ ಬೆಂಚಿನ ಮೇಲಿನವರು ಕೇಳಿದರೆ, ಇವತ್ತು ಬಣ್ಣ ಸ್ವಲ್ಪ ವಾಸಿ, ಇವತ್ತು ಹಾಗೇ ಇದೆ ಎಂದಷ್ಟೇ ಹೇಳುತ್ತಿದ್ದರು. ಮುಡಿಗೆ ಕನಕಾಂಬರ ಇಡುವುದನ್ನು ಬಿಟ್ಟಿದ್ದರು.

ಈ ಮಧ್ಯೆ ಮೇಜರ್ ಸಾಹೇಬರು ವಿಚಾರಣೆ ಮಾಡಿದರು. ಕ್ಲಿನಿಕ್ಕು ನಡೆಸುವವರಿಗೆ ವರದಿ ಕೊಡಬೇಕಿತ್ತು. ಸಕ್ಕರೆ ಚೀಟಿ ಫೈಲಿನಲ್ಲಿತ್ತಲ್ಲ, ಗೊತ್ತಿದ್ದೂ ಸುಮ್ಮನಿದ್ದರು ಎಂದಾದರೆ ಸಿಸ್ಟರ್ ಕೆಲಸ ಹೋಗುತ್ತಿತ್ತು. ನಿವೃತ್ತಿಗೆ ಅವರಿಗೆ ಇನ್ನೂ ಮೂರು ವರ್ಷವಿತ್ತು. ಚೀಟಿ ಬರೆದವಳೆಂದು ನನ್ನನ್ನೂ ಕೂರಿಸಿದ್ದರು. ಸಾಹೇಬರು ಚಿಕ್ಕೀರಯ್ಯನವರನ್ನು ಕೇಳಿದರು: "ಸಿಸ್ಟರಿಗೆ ಗೊತ್ತಿತ್ತಾ?"

ಚಿಕ್ಕೀರಯ್ಯ ಅಟೆನ್ಶನ್‌ನಲ್ಲಿ ನಿಂತಿದ್ದರು. "ಇಲ್ಲ ಸರ್. ಅವರು ಕೇಳಿದ್ರು. ನಾನೇ ಸುಳ್ಳು ಹೇಳಿದೆ. ತಪ್ಪು ನನ್ನೊಬ್ಬನದು."

ಸಿಸ್ಟರ್ ತಲೆ ತಗ್ಗಿಸಿ ಕೂತಿದ್ದರು. ಅವರಿಗೆ ಎಚ್ಚರಿಕೆಯ ಒಂದು ಕಾಗದ ಬಂತು, ಕೆಲಸ ಉಳಿಯಿತು. ಆದರೆ ನನ್ನ ಸಿಟ್ಟು ಇಳಿದಿರಲಿಲ್ಲ. ವರಾಂಡದಲ್ಲಿ ಚಿಕ್ಕೀರಯ್ಯನವರನ್ನು ನಿಲ್ಲಿಸಿ, "ನಿಮ್ಮನ್ನ ನಂಬಿದ್ದಕ್ಕೆ ಅವರಿಗೆ ಈ ಗತಿ. ನಾಳೆ ಆ ಮನುಷ್ಯನ ಕಾಲು ಹೋದ್ರೆ ಯಾವ ಮುಖ ಇಟ್ಕೊಂಡು ನೋಡ್ತೀರಿ?" ಎಂದೆ. ನನಗಿಂತ ಮೂವತ್ತು ವರ್ಷ ದೊಡ್ಡವರು. "ನೀವು ಹೇಳೋದು ಸರಿ ಮೇಡಂ," ಎಂದು ಹೋದರು.

ಕಾಲು ಉಳಿಯಿತು. ಶಿವಪುತ್ರಪ್ಪನವರು ಒಂದು ಕೋಲು ಹಿಡಿದು ಬರತೊಡಗಿದರು. ಕ್ಲಿನಿಕ್ಕು ಮಾತ್ರ ಮೊದಲಿನ ಹಾಗೆ ಇರಲಿಲ್ಲ. ಸಿಸ್ಟರ್ ಜೋಡಿ ಕೇಳುವುದನ್ನು ನಿಲ್ಲಿಸಿಬಿಟ್ಟಿದ್ದರು. ಸುಬೇದಾರ್ರೇ, ಹವಾಲ್ದಾರ್ರೇ ಎಲ್ಲ ಹೋಗಿ ಎಲ್ಲರೂ ಬರೀ "ಸಾರ್" ಆಗಿದ್ದರು. ಬಿ.ಪಿ. ನೋಡುವುದು, ಬರೆಯುವುದು, ಮುಂದಿನವರು ಬನ್ನಿ. ಸೇತುವೆ ಕತೆ ಕೇಳುವವರಿಲ್ಲದೆ ಮುನಿಯಪ್ಪನವರು ನನ್ನ ಲ್ಯಾಬಿಗೆ ಬಂದು ಶುರು ಮಾಡುತ್ತಿದ್ದರು. ಚಿಕ್ಕೀರಯ್ಯನವರ ಜೊತೆ ಬೆಂಚಿನ ಮೇಲೆ ಯಾರೂ ಕೂರುತ್ತಿರಲಿಲ್ಲ. ಶಿವಪುತ್ರಪ್ಪ ಒಬ್ಬರೇ ಹೋಗಿ ಒತ್ತಿಕೊಂಡು ಕೂತು, ಎಲ್ಲರಿಗೂ ಕೇಳುವ ಹಾಗೆ ಮಾತಾಡುತ್ತಿದ್ದರು.

ಏಪ್ರಿಲ್‌ನಲ್ಲಿ ಸಿಸ್ಟರ್ ಬಾಗಿಲ ಪಕ್ಕ ಒಂದು ಸ್ಟೂಲು, ಒಂದು ಬೇಸಿನ್ನು, ಟವೆಲು ಇಟ್ಟರು. ಸಕ್ಕರೆ ಇರುವ ಪ್ರತಿಯೊಬ್ಬರೂ ಶೂ, ಕಾಲುಚೀಲ ಬಿಚ್ಚಿ ಕಾಲು ತೋರಿಸಬೇಕು, ನಾನೇ ಮುಟ್ಟಿ ನೋಡುತ್ತೇನೆ ಎಂದರು. ಒಬ್ಬರೂ ಒಪ್ಪಲಿಲ್ಲ. ಬೆನ್ನು ತೋರಿಸಿಯಾರು, ಹೊಟ್ಟೆ ತೋರಿಸಿಯಾರು, ಕಾಲು ಮಾತ್ರ ಇಲ್ಲ. "ಹೆಣ್ಣುಮಗಳ ಕೈಲಿ, ಅದೂ ನಿಮ್ಮ ಕೈಲಿ ಕಾಲು ಹಿಡಿಸ್ಕೊಂಡ್ರೆ ಪಾಪ ಸುತ್ಕೊಳ್ಳುತ್ತೆ ಸಿಸ್ಟರ್," ಎಂದು ಮುನಿಯಪ್ಪನವರು ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡರು. ಮೂರು ದಿನ ಹೀಗೇ ಆಯಿತು. ಸಿಸ್ಟರ್ ಸ್ಟೂಲಿನ ಮೇಲೆ ಕೂತಿರುವುದು, ಅವರು ದೂರದಿಂದ ಕೈ ಮುಗಿದು ಹೋಗುವುದು. ಮೂರನೆಯ ದಿನ ಸಿಸ್ಟರ್ ನನ್ನ ಕೋಣೆಗೆ ಬಂದು ಸಿಂಕಿನ ಹತ್ತಿರ ನಿಂತರು. "ನನ್ನ ಕೈಲಿ ಆಗಲ್ಲ ಗಿರಿಜಾ. ಇನ್ನೊಬ್ರ ಕಾಲು ಹೋಗೋವರ್ಗೂ ಇವ್ರು ಬಿಚ್ಚಲ್ಲ," ಎಂದರು. ಅವರು ಸೋತು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾಲ್ಕನೆಯ ದಿನ ಬೆಂಚಿನ ತುದಿಯಿಂದ ಚಿಕ್ಕೀರಯ್ಯ ಎದ್ದು ಬಂದರು. ಎರಡೂವರೆ ತಿಂಗಳಲ್ಲಿ ಅವರು ಸಿಸ್ಟರ್ ಎದುರು ಬಾಯಿ ಬಿಟ್ಟಿರಲಿಲ್ಲ.

"ಒಂದು ಮಾತು ಸಿಸ್ಟರ್. ಪಲ್ಟನ್ನಲ್ಲಿ ಲಾಂಗ್ ಮಾರ್ಚ್ ಮುಗೀತಿದ್ದಂಗೆ ಎಲ್ಲಾರೂ ಬೂಟು ಬಿಚ್ಚಿ ಸಾಲಾಗಿ ಕೂರೋರು. ಸಾಹೇಬ್ರೇ ಬಗ್ಗಿ ಒಬ್ಬೊಬ್ರ ಕಾಲೂ ಹಿಡಿದು ನೋಡೋರು. ಗುಳ್ಳೆ ಬಚ್ಚಿಟ್ರೆ ಶಿಕ್ಷೆ. ಅದು ಆರ್ಡರ್ರು, ಮರ್ಯಾದೆ ಪ್ರಶ್ನೆ ಅಲ್ಲ. ನೀವು ಕೇಳ್ಕೋತಾ ಇದೀರಿ. ಕೇಳ್ಕೋಬೇಡಿ, ಹುಕುಂ ಮಾಡಿ."

"ನಂಗೆ ಬರಲ್ಲ ಅದು."

ಚಿಕ್ಕೀರಯ್ಯ ಹಿಂದೆ ತಿರುಗಿದರು. ಆ ಕಡ್ಡಿ ಮೈಯಲ್ಲಿ ಅಂಥ ದನಿ ಎಲ್ಲಿತ್ತೋ. "ಫುಟ್ ಇನ್‌ಸ್ಪೆಕ್ಷನ್. ಜೂತಾ ಉತಾರ್." ಬೆಂಚಿನ ಮೇಲಿದ್ದ ಒಂಬತ್ತು ಜನರ ಕೈ ಒಟ್ಟಿಗೇ ಲೇಸಿಗೆ ಹೋಯಿತು. ಮುನಿಯಪ್ಪನವರ ಕೈ ಕೂಡ. ರ‍್ಯಾಂಕಿನ ಮಾತನ್ನು ಅವತ್ತು ಅವರು ಎತ್ತಲಿಲ್ಲ. ಮೊದಲು ಸ್ಟೂಲಿನ ಎದುರು ಬಂದು ಕೂತವರು ಚಿಕ್ಕೀರಯ್ಯನವರೇ. ಅವರಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಸಿಸ್ಟರ್ ಆ ಪಾದವನ್ನು ಮಡಿಲಿನ ಟವೆಲಿನ ಮೇಲಿಟ್ಟುಕೊಂಡು, ಬೆರಳ ಸಂದಿಯನ್ನೆಲ್ಲ ಬಿಡಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೂಗು ಒರೆಸಿಕೊಂಡು, "ಈ ಹಿಮ್ಮಡಿಗೆ ಎಣ್ಣೆ ತೋರ್ಸಿ ಎಷ್ಟು ದಿನ ಆಯ್ತು ಹವಾಲ್ದಾರ್ರೇ?" ಎಂದರು.

ಹವಾಲ್ದಾರ್ರೇ ಎಂದದ್ದು ಬೆಂಚಿನ ಕೊನೆಯವರೆಗೂ ಕೇಳಿಸಿತು. ಅಲ್ಲಿಂದಾಚೆ ಪ್ರತಿ ಗುರುವಾರ ಮೊದಲು ಕಾಲು, ಆಮೇಲೆ ರಕ್ತ. ಜೋಡಿಗಳೂ ಮತ್ತೆ ಶುರುವಾದವು. ಆ ಮೂರು ವರ್ಷದಲ್ಲಿ ನಮ್ಮಲ್ಲಿ ಒಬ್ಬರ ಒಂದು ಬೆರಳೂ ಹೋಗಲಿಲ್ಲ; ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ದೇವೀರಮ್ಮನವರು ನಿವೃತ್ತರಾಗಿ ಮೈಸೂರಿನ ಮಗಳ ಮನೆಗೆ ಹೊರಟ ದಿನ ನಾನು ಬಸ್ಸು ಹತ್ತಿಸಲು ಕೆಂಗೇರಿಗೆ ಹೋಗಿದ್ದೆ. ಎರಡು ಬ್ಯಾಗು, ಒಂದು ಪ್ಲಾಸ್ಟಿಕ್ ಬಕೆಟ್ಟಿನ ತುಂಬ ಪಾತ್ರೆ. ಬಸ್ಸು ತಡವಾಯಿತು. ಕಲ್ಲು ಬೆಂಚಿನ ಮೇಲೆ ಕೂತಿದ್ದಾಗ ಅವರು, ತರಕಾರಿ ರೇಟು ಹೇಳುವಷ್ಟು ಸಾದಾ ದನಿಯಲ್ಲಿ, "ಒಂದು ವಿಷಯ ಹೇಳ್ಬೇಕು ಕಣೇ," ಎಂದರು.

"ಆ ಪರೇಡಿಗೆ ಮುಂಚೆ, ಬುಧವಾರ ಸಾಯಂಕಾಲ ಪ್ರಾಕ್ಟೀಸು ನೋಡ್ತಾ ಇದ್ದೆ. ತಿರುವಲ್ಲಿ ಶಿವಪುತ್ರಪ್ಪನವರ ಎಡಗಾಲು ಎಳೀತು. ನಾನು ಇಪ್ಪತ್ತೈದು ವರ್ಷದ ನರ್ಸು, ನನಗೆ ಗೊತ್ತಾಗಲ್ವಾ? ಮಾರನೇ ದಿನ ನೀನು ಚೀಟಿ ತಂದೆ. ಆಗ ಗೊತ್ತೇ ಆಗೋಯ್ತು. ಬೂಟು ಬಿಚ್ಚಿಸಿದ್ರೆ ಪರೇಡು ಇಲ್ಲ. ಅವ್ರು ಮುಂದೆ ನಿಂತು ಕೂಗೋದನ್ನ ನಾನು ನೋಡ್ಬೇಕಾಗಿತ್ತು. ಮೂರು ದಿನ ತಾನೇ ಅಂದ್ಕೊಂಡೆ. ಅದಕ್ಕೇ ಜೋಡೀನ ಕೇಳ್ದೆ. ಚೆನ್ನಾಗವ್ರೆ ಅಂತ ಯಾರಾದ್ರೂ ಒಬ್ರು ಹೇಳ್ಲಿ ಅಂತ ಕೇಳ್ದೆ."

ವಿಚಾರಣೆಯಲ್ಲಿ ಚಿಕ್ಕೀರಯ್ಯನವರು ನಿಂತಿದ್ದ ರೀತಿ, ವರಾಂಡದಲ್ಲಿ ನಾನು ಆಡಿದ ಮಾತು ಎಲ್ಲ ಒಟ್ಟಿಗೇ ನೆನಪಾದವು. "ಚಿಕ್ಕೀರಯ್ಯನವರಿಗೆ ಇದು..." ಎಂದೆ.

"ನಿನ್ನೆ ಬ್ಯಾಡರಹಳ್ಳಿಗೆ ಹೋಗಿ ಹೇಳ್ಬಂದೆ. ಬಾಗಿಲಲ್ಲೇ ನಿಂತು ಹೇಳ್ಬಿಟ್ಟೆ, ಒಳಗೆ ಕೂತ್ರೆ ಧೈರ್ಯ ಹೋಗುತ್ತೆ ಅಂತ. ಅವ್ರು ಏನಂದ್ರು ಗೊತ್ತಾ? 'ನಂಗೆ ಗೊತ್ತಿತ್ತು ಸಿಸ್ಟರ್. ಆವತ್ತು ತಿರುವಲ್ಲಿ ಅವ್ರ ಕಾಲು ಎಳೆದಾಗ ನಾನು ಗೇಟಿನ ಕಡೆ ನೋಡ್ದೆ. ನೀವೂ ನೋಡಿದ್ರಿ,' ಅಂದ್ರು. ಮತ್ತೆ ಸಾಹೇಬ್ರ ಮುಂದೆ ಯಾಕೆ ಹೇಳ್ಲಿಲ್ಲ ಅಂದೆ. 'ಇಬ್ರಿಗ್ಯಾಕೆ ಸಿಸ್ಟರ್, ತಪ್ಪು ಒಬ್ರ ಮೇಲೆ ಇದ್ರೆ ಸಾಕು ಅಂತ ಬಿಟ್ಟೆ' ಅಂದ್ರು."

ಇಷ್ಟು ಹೇಳಿ ಸಿಸ್ಟರ್ ಅತ್ತರು. ಬಸ್ ಸ್ಟಾಂಡಿನ ಜನ ನೋಡುತ್ತಿದ್ದರೂ ಅತ್ತರು. ಶಿವಪುತ್ರಪ್ಪನವರಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ, ಆ ಕಾಲು ನೋಡಿಕೊಂಡು ಹೇಗೆ ಹೇಳಲಿ, ಯುಗಾದಿಗೆ ಬಂದಾಗ ಖಂಡಿತ ಹೇಳುತ್ತೇನೆ ಎಂದರು. ಬಸ್ಸು ಬಂತು. ಬಕೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡೇ ಹೋದರು.

ಯುಗಾದಿಗೆ ಅವರು ಬರಲಿಲ್ಲ. ಹಬ್ಬಕ್ಕೆ ಎರಡು ವಾರ ಮುಂಚೆ ಮಗಳು ಫೋನು ಮಾಡಿ, ಅಮ್ಮ ನಿದ್ದೆಯಲ್ಲೇ ಹೋದರು ಎಂದಳು. ಗುರುವಾರ ಕ್ಲಿನಿಕ್ಕಿನಲ್ಲಿ ನಾನೇ ಎಲ್ಲರಿಗೂ ಹೇಳಿದೆ. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು, ಎಷ್ಟು ಹೊತ್ತಾದರೂ ಕೂರಲಿಲ್ಲ. ಶಿವಪುತ್ರಪ್ಪನವರು ಕೋಲಿನ ಮೇಲೆ ಎರಡೂ ಕೈಯೂರಿ ದೊಡ್ಡ ದನಿಯಲ್ಲಿ ಅಳುತ್ತ, "ನನ್ನ ಕಾಲು ಉಳಿಸಿದ ತಾಯಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಚಿಕ್ಕೀರಯ್ಯನವರು ವರ್ಷಕ್ಕೊಮ್ಮೆಯ ಪರೀಕ್ಷೆಗೆ ರಕ್ತ ಕೊಡಲು ನನ್ನ ಕೋಣೆಗೆ ಬಂದರು. ಸೂಜಿ ತೆಗೆದಿಟ್ಟು, ಸಿಸ್ಟರ್ ನನಗೆ ಎಲ್ಲ ಹೇಳಿದ್ದಾರೆ, ಅವತ್ತು ವರಾಂಡದಲ್ಲಿ ನಾನು ಹಾಗೆ ಮಾತಾಡಬಾರದಿತ್ತು, ತಪ್ಪಾಯಿತು ಎಂದೆ. ಅವರು ಅಂಗಿ ತೋಳನ್ನು ಇಳಿಸಿ ಗುಂಡಿ ಹಾಕಿಕೊಂಡರು. ಹೊರಗೆ ಶಿವಪುತ್ರಪ್ಪನವರ ದನಿ ಕೇಳುತ್ತಲೇ ಇತ್ತು.

"ಅವ್ರಿಗೆ ಹೇಳ್ಬೇಡಿ ಮೇಡಂ," ಎಂದರು. "ನನ್ನ ಮೇಲೆ ಇರೋದು ನನ್ನ ಮೇಲೇ ಇರ್ಲಿ. ಅವ್ರು ಸಿಸ್ಟರ್‌ನ ಹಂಗೇ ನೆನೆಸ್ಕೊಳ್ಲಿ."

ನಾನು ಹೇಳಲಿಲ್ಲ. ಶಿವಪುತ್ರಪ್ಪನವರು ಹೋದ ವರ್ಷ ತೀರಿಕೊಂಡರು. ಈಗ ಬರೆಯಬಹುದು ಎಂದು ಚಿಕ್ಕೀರಯ್ಯನವರನ್ನು ಕೇಳಿಕೊಂಡೇ ಬರೆದಿದ್ದೇನೆ.